ಹೊಸದಾಗಿ ಕಟ್ಟಿಸಿದ ಎಂಜಿನ್ನನ್ನು ಪಳಗಿಸುವ ಬಗೆ

ಬೋರ್ ಮಾಡಿಸಿ, ಹೊಸ ಪಿಸ್ಟನ್ನು-ರಿಂಗುಗಳನ್ನು ಹಾಕಿಸಿದ ಕಾರನ್ನು ಗೃಹಸ್ಥರು ಹಸುಗೂಸಿನಂತೆ ಮೆಲ್ಲಗೆ ನಡೆಸುವದುಂಟು. ವಾಚಕರೇ, ಈ ಅತಿ ಮಾರ್ದವವೂ ಅತಿವೇಗದಷ್ಟೇ ಅಪಾಯಕರವು.

ಸಿಲಿಂಡರಿನ ಒಳಗೋಡೆಯನ್ನು ಸಾಣೆಕಲ್ಲಿನಿಂದ ಉಜ್ಜಿ ಸೂಕ್ಷ್ಮವಾದ ಗೀರುಗಳನ್ನು ಬಿಟ್ಟಿರುತ್ತಾರೆ. ಎಂಜಿನ್ನಿನ ಮೇಲೆ ಭಾರ ಬಿದ್ದಾಗ ಉರಿಯ ಒತ್ತಡವು ರಿಂಗುಗಳನ್ನು ಆ ಗೋಡೆಗೆ ಅದುಮುವದು. ಎರಡೂ ಪರಸ್ಪರ ಸವೆದು ಹೊಂದಿಕೊಳ್ಳುವವು. ಭಾರವೇ ಬೀಳದಿದ್ದರೆ ಗೋಡೆಯು ಬರಿದೆ ನುಣುಪೇರುವದು. ಆಮೇಲೆ ಎಣ್ಣೆ ಸುಟ್ಟು ನೀಲಿ ಹೊಗೆ ಬರುವದು. ಕಷ್ಟಾರ್ಜಿತ ಹಣವು ವ್ಯರ್ಥವಾಗುವದು.

ಆದುದರಿಂದ ಎಣ್ಣೆ-ನೀರು ನೋಡಿಕೊಂಡು, ನಿಂತಲ್ಲೇ ಬಹಳ ಹೊತ್ತು ಎಂಜಿನ್ ಓಡಿಸದೆ, ಜಮಖಂಡಿಯಿಂದ ಮುಧೋಳಕ್ಕಾಗಲಿ ಬೀಳಗಿಗಾಗಲಿ ಹೊರಡಿರಿ. ಎಂಜಿನ್ ಬಿಸಿಯಾದ ಬಳಿಕ ವೇಗವನ್ನು ಮಧ್ಯಮವಾಗಿ ಏರಿಸಿ, ಕಾಲು ತೆಗೆದು ಇಳಿಯಗೊಡಿರಿ. ಹೀಗೆ ಹಲವು ಸಲ. ಬಹುಕಾಲ ಒಂದೇ ವೇಗ ಸಲ್ಲದು. ಬಿಸಿಯ ಮುಳ್ಳಿನ ಮೇಲೆ ಕಣ್ಣಿರಲಿ. ರಬಕವಿ-ಬನಹಟ್ಟಿಯಿಂದ ಸೀರೆಗಳ ಗಂಟನ್ನು ಹೇರಿ ತರುವದು ಸದ್ಯಕ್ಕೆ ಬೇಡ. ಮಿಸ್ತ್ರಿಯ ಮಾತನ್ನು ಕೇಳಿ, ಸಾಮಾನ್ಯವಾಗಿ 500ರಿಂದ 1000 ಕಿಲೋಮೀಟರುಗಳೊಳಗೆ, ಮೊದಲ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಿರಿ. ಸವೆದ ಲೋಹದ ಕಣಗಳು ಅದರಲ್ಲಿರುವವು.

ಎಳೆಯ ಹೋರಿಯನ್ನು ಹೂಡದೆ ಕಟ್ಟಿ ಮೇಯಿಸಿದರೂ ಕೆಡುವದು, ಮೊದಲ ದಿನವೇ ಕಬ್ಬು ತುಂಬಿದ ಬಂಡಿಗೆ ಹೂಡಿದರೂ ಕೆಡುವದು. ಇದನ್ನು ನಮ್ಮ ಒಕ್ಕಲುಮಕ್ಕಳು ಬಲ್ಲರು. ಎಂಜಿನ್ನಿಗೂ ಅದೇ ನ್ಯಾಯ.