ಮೂಳೆಯೊಳಗಿನ ನಾರು

ಮೂಳೆ ಎಂದೊಡನೆ ನಮಗೆಲ್ಲ ನೆನಪಾಗುವುದು ಕ್ಯಾಲ್ಸಿಯಂ. ಆದರೆ ಕೋಳಿಯ ಮೂಳೆಯೊಂದನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿ ನೋಡಿ. ಖನಿಜ ಕರಗಿ, ಉಳಿದದ್ದು ರಬ್ಬರಿನಂತೆ ಬಾಗುತ್ತದೆ. ಅದೇ ಕೊಲಾಜೆನ್ ಎಂಬ ಪ್ರೋಟೀನಿನ ನಾರು. ಮೂಳೆಯನ್ನು ಸುಟ್ಟರೆ ಈ ನಾರು ಹೋಗಿ, ಅದು ಕೈಯಲ್ಲೇ ಪುಡಿಯಾಗುತ್ತದೆ. ಖನಿಜ ಗಡಸುತನ ಕೊಟ್ಟರೆ, ಪೆಟ್ಟು ತಾಳುವ ಗುಣ ಕೊಲಾಜೆನ್ನಿನದು. ಹಲ್ಲಿನ ಡೆಂಟಿನ್‌ನಲ್ಲೂ ಇದೇ ಜೋಡಿ. ಶೇಕಡ 96ರಷ್ಟು ಖನಿಜವಿರುವ ಎನಾಮಲ್‌ನ ಬಿರುಕು ಒಳಗೆ ಹರಡದಂತೆ ತಡೆಯಲು ಅದು ನೆರವಾಗುತ್ತದೆ.

ವಯಸ್ಸಾದಂತೆ, ಸಕ್ಕರೆ ಕಾಯಿಲೆಯಲ್ಲಿ ಇನ್ನೂ ಹೆಚ್ಚಾಗಿ, ರಕ್ತದಲ್ಲಿನ ಸಕ್ಕರೆ ಈ ನಾರುಗಳನ್ನು ಒಂದಕ್ಕೊಂದು ಬೆಸೆದು ಪೆಡಸಾಗಿಸುತ್ತದೆ. ಮೂಳೆ ಸಾಂದ್ರತೆಯ ಸ್ಕ್ಯಾನ್ ಅಳೆಯುವುದು ಖನಿಜವನ್ನಷ್ಟೇ. ಹಾಗಾಗಿ ಊರಿನಲ್ಲಿರುವ ಅಮ್ಮನಿಗೆ ಸಕ್ಕರೆ ಕಾಯಿಲೆಯಿದ್ದರೆ, ರಿಪೋರ್ಟ್ ನಾರ್ಮಲ್ ಎಂದಾಕ್ಷಣ ಫೋನ್ ಇಡಬೇಡಿ. ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದಾರೆಯೇ ಎಂದೂ ಕೇಳಿ.