ಬಾರದ ಅತಿಥಿಗಳು

ಹಬ್ಬಕ್ಕೆ ನೆಂಟರು ಬರುವರೆಂದು ಅಡಿಗೆ ಮಾಡಿಟ್ಟು, ಯಾರೂ ಬಾರದೆ ಹೋದರೆ ಮನೆಯಾಕೆಗೆ ಆಗುವ ಪೇಚಾಟ ನಿಮಗೆ ಗೊತ್ತೇ ಇದೆ. 2020ರಲ್ಲಿ ಒಂದು ದೇಶಕ್ಕೆ ದೇಶವೇ ಆ ಪಾಡು ಪಟ್ಟಿತು. ಅದು ಥೈಲೆಂಡ್.

2019ರಲ್ಲಿ ಅಲ್ಲಿಗೆ ಹೋದ ವಿದೇಶೀ ಪ್ರವಾಸಿಗಳು ಸುಮಾರು 4 ಕೋಟಿ. ಅವರಲ್ಲಿ ಚೀನದವರೇ ಒಂದು ಕೋಟಿಗೆ ಮೇಲ್ಪಟ್ಟು. ಕೊರೋನಾ ಪಿಡುಗು ಹಬ್ಬಿ, 2020ರ ಏಪ್ರಿಲ್ ಮೊದಲ ವಾರದಲ್ಲಿ ಹೊರನಾಡಿನ ವಿಮಾನಗಳು ನಿಂತವು. ಆ ವರ್ಷ ಬಂದವರು ಸುಮಾರು 67 ಲಕ್ಷ. ಅವರೂ ಬಹುಮಟ್ಟಿಗೆ ಮೊದಲ ಮೂರು ತಿಂಗಳಲ್ಲಿ ಬಂದವರೇ. ಮರುವರ್ಷ 5 ಲಕ್ಷವೂ ಇಲ್ಲ.

ಹೋಟೆಲಿನವನಿಗೆ ನಷ್ಟವಾದರೆ ದೇಶಕ್ಕೇನು ಎನ್ನುವಿರಾ? ಅಕ್ಕಿಯನ್ನು ಹಡಗಿಗೆ ತುಂಬಿ ಕಳಿಸಿದರೆ ಅದನ್ನು ರಫ್ತು ಎನ್ನುತ್ತೇವೆ. ಪರದೇಶದವನೊಬ್ಬ ಬ್ಯಾಂಕಾಕಿಗೇ ಬಂದು ಆ ಅಕ್ಕಿಯ ಅನ್ನವನ್ನು ಉಂಡು ಹಣ ತೆತ್ತರೆ ಅದೂ ರಫ್ತೇ. ಆದರೆ ಒಂದು ಭೇದ ಉಂಟು. ಅಕ್ಕಿ ಬಿಕರಿಯಾಗದಿದ್ದರೆ ಉಗ್ರಾಣದಲ್ಲಿಟ್ಟು ಮುಂದಿನ ತಿಂಗಳು ಮಾರಬಹುದು; ಈ ರಾತ್ರಿ ಖಾಲಿ ಬಿದ್ದ ಕೋಣೆಯನ್ನು ನಾಳೆ ಮಾರಲಾಗದು. ಸಾಲದ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಕೋಣೆ ಖಾಲಿಯಾದರೆ ಹಾಸಿಗೆಬಟ್ಟೆ ಒಗೆಯುವವಳಿಗೆ ಕೆಲಸವಿಲ್ಲ, ಮೀನು ತರುವವನಿಗೆ ಗಿರಾಕಿಯಿಲ್ಲ, ಟ್ಯಾಕ್ಸಿಯವನಿಗೆ ಬಾಡಿಗೆಯಿಲ್ಲ.

ಚಿಯಾಂಗ್ ಮೈ ಪಟ್ಟಣದ ಸುತ್ತಿನ ಆನೆ ಶಿಬಿರಗಳ ಕಥೆಯನ್ನು ಕೇಳಿ. ಪ್ರವಾಸಿಗಳ ಹಣದಿಂದಲೇ ಅಲ್ಲಿನ ಆನೆಗಳ ಹೊಟ್ಟೆ ತುಂಬುತ್ತಿತ್ತು. ಆನೆಯೊಂದಕ್ಕೆ ದಿನಕ್ಕೆ ನೂರೈವತ್ತು ಕಿಲೋಗ್ರಾಮಿಗೂ ಹೆಚ್ಚು ಮೇವು ಬೇಕು. ಕೂಲಿಯವನನ್ನು ಮನೆಗೆ ಕಳಿಸಿದರೆ ಅವನ ಊಟದ ಚಿಂತೆ ಯಜಮಾನನಿಗೆ ತಪ್ಪಬಹುದು (ಕೂಲಿಯವನಿಗೆ ತಪ್ಪುವುದಿಲ್ಲ, ಆ ಮಾತು ಬೇರೆ); ಆನೆಯನ್ನು ಎಲ್ಲಿಗೆ ಕಳಿಸುವುದು? ಕಡೆಗೆ ಮಾವುತರು ಅವನ್ನು ಹೊಡೆದುಕೊಂಡು ತಮ್ಮ ಹಳ್ಳಿಗಳ ದಾರಿ ಹಿಡಿದರು. ನೂರಕ್ಕೂ ಹೆಚ್ಚು ಆನೆಗಳು ಹೀಗೆ ಬೆಟ್ಟದ ಹಾದಿಯಲ್ಲಿ ನಡೆದವು, ಕೆಲವು 150 ಕಿಲೋಮೀಟರುಗಳಷ್ಟು ದೂರ. ಹಳ್ಳಿಯಲ್ಲಿ ಸಂಪಾದನೆ ಇಲ್ಲದಿದ್ದರೂ ಕಾಡಿನ ಹುಲ್ಲಿಗೆ ದುಡ್ಡು ಕೊಡಬೇಕಾಗಿರಲಿಲ್ಲ.

ಆ ವರ್ಷ ಥೈಲೆಂಡಿನ ಒಟ್ಟು ಉತ್ಪನ್ನ ಶೇಕಡಾ 6ರಷ್ಟು ಕುಸಿಯಿತು. ಜಗತ್ತಿನ ಲೆಕ್ಕವೂ ಹೀಗೆಯೇ. 2019ರಲ್ಲಿ ಗಡಿ ದಾಟಿದ ಪ್ರವಾಸಿಗಳು ಸುಮಾರು 146 ಕೋಟಿ. 2020ರಲ್ಲಿ 40 ಕೋಟಿಯ ಆಸುಪಾಸು. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಅಂದಾಜಿನಂತೆ ತಪ್ಪಿದ ಆದಾಯ 1 ಲಕ್ಷ 30 ಸಾವಿರ ಕೋಟಿ ಡಾಲರು.

ಬಾಗಿಲು ತೆರೆದರೆ ರೋಗ, ಮುಚ್ಚಿದರೆ ಹಸಿವು. ಈ ಇಕ್ಕಟ್ಟಿನಲ್ಲಿ ಸರ್ಕಾರ ಫುಕೆಟ್ ದ್ವೀಪವನ್ನು ಪರೀಕ್ಷೆಗೆ ಆರಿಸಿಕೊಂಡಿತು. ದ್ವೀಪದ ಬಹುಪಾಲು ಜನರಿಗೆ ಲಸಿಕೆ ಹಾಕಿಸಿ, 2021ರ ಜುಲೈ 1ರಿಂದ ಲಸಿಕೆ ಪಡೆದ ವಿದೇಶೀಯರನ್ನು ಬರಗೊಟ್ಟಿತು. ಅವರು ಕೋಣೆಯಲ್ಲಿ ಬಂದಿಗಳಾಗಬೇಕಿರಲಿಲ್ಲ. ಹದಿನಾಲ್ಕು ದಿನ ದ್ವೀಪವನ್ನು ಬಿಡಬಾರದು, ಅಷ್ಟೆ. ಉಪಾಯ ಜಾಣತನದ್ದು, ಬಂದವರು ಮಾತ್ರ ಕೊಂಚ.

2024ರ ಹೊತ್ತಿಗೆ ಜಗತ್ತಿನ ಪ್ರವಾಸಿಗಳ ಸಂಖ್ಯೆ ಬಹುಮಟ್ಟಿಗೆ ಹಳೆಯ ಮಟ್ಟವನ್ನು ಮುಟ್ಟಿತು. ಥೈಲೆಂಡಿಗೆ ಆ ವರ್ಷ ಬಂದವರು ಸುಮಾರು 3 ಕೋಟಿ 55 ಲಕ್ಷ. ಅವರಲ್ಲಿ ನಮ್ಮ ದೇಶದವರು 20 ಲಕ್ಷಕ್ಕೂ ಹೆಚ್ಚು. ಚೀನದವರು ಮಾತ್ರ ಮೊದಲಿನಷ್ಟು ಬಂದಿರಲಿಲ್ಲ.