ದಿನವಿಡೀ ನಡೆಯುವ ಕಾಲಿಗೆ ತಕ್ಕ ಬೂಟು

ಮಕ್ಕಳಿಗೆ ಶಾಲೆಯ ಬೂಟು ಕೊಳ್ಳುವಾಗ ಹತ್ತು ಬಾರಿ ಹಾಕಿಸಿ ನೋಡುವ ತಂದೆ, ತನಗಾಗಿ ಕೊಳ್ಳುವಾಗ ಬೆಲೆಯೊಂದನ್ನೇ ಕೇಳಿ ಎದ್ದು ಬರುವುದು ನಮ್ಮಲ್ಲಿ ಸಾಮಾನ್ಯ. ಆದರೆ ಮನೆಯ ದುಡಿಮೆ ನಿಂತಿರುವುದು ಆ ಕಾಲುಗಳ ಮೇಲೆಯೇ. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ದುಡಿಯುವವರು, ಊರೂರು ತಿರುಗುವ ಅಂಚೆಯವರು, ಯುಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರು, ಇವರೆಲ್ಲ ದಿನಕ್ಕೆ ಹಲವು ಮೈಲಿ ನಡೆಯುವವರು. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರ ಮಾತು ಬೇರೆ; ಬೂಟು ತೊಡುವವರು ಮಾತ್ರ ತಿಳಿದು ತೊಡಬೇಕು.

ಕೊಳ್ಳಲು ಸಂಜೆಯ ಹೊತ್ತೇ ಮೇಲು. ದಿನವೆಲ್ಲ ನಡೆದ ಪಾದ ಸಂಜೆಗೆ ತುಸು ಊದಿರುತ್ತದೆ. ಬೆಳಿಗ್ಗೆ ಸರಿಹೊಂದಿದ ಬೂಟು ಸಂಜೆ ಕಚ್ಚತೊಡಗುವುದು ಇದರಿಂದಲೇ. ಎರಡು ಪಾದಗಳ ಅಳತೆ ಅನೇಕರಲ್ಲಿ ಒಂದೇ ಇರುವುದಿಲ್ಲ. ದೊಡ್ಡ ಪಾದಕ್ಕೆ ಹೊಂದುವುದನ್ನು ಆರಿಸಿರಿ. ನಮ್ಮ ಅಂಗಡಿಗಳ ಸಂಖ್ಯೆಯಲ್ಲಿ 7ಕ್ಕೂ 8ಕ್ಕೂ ಇರುವ ಅಂತರ ಸುಮಾರು 8.5 ಮಿಲಿಮೀಟರು ಮಾತ್ರ. ಎದ್ದು ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗವಿರಬೇಕು. ಹಿಮ್ಮಡಿ ಮಾತ್ರ ಒಳಗೆ ಜಾರಬಾರದು.

ಬೂಟನ್ನು ಕೈಯಲ್ಲಿ ಹಿಡಿದು ಬಗ್ಗಿಸಿರಿ. ಬೆರಳುಗಳ ಬುಡದಲ್ಲಿ ಬಗ್ಗಿದರೆ ಒಳ್ಳೆಯದು. ನಟ್ಟನಡುವೆ ಮಡಚಿಕೊಂಡರೆ ಅದು ಅಂಗಾಲಿಗೆ ಆಸರೆ ಕೊಡದು. ಒತ್ತಿದರೆ ಹತ್ತಿಯಂತೆ ಇಳಿಯುವ ಮೆತ್ತನೆಯ ಅಟ್ಟೆ ಅಂಗಡಿಯಲ್ಲಿ ಹಿತವೆನಿಸಬಹುದು. ಆದರೆ ಅಡಿಯಲ್ಲಿ ಗಟ್ಟಿ ರಬ್ಬರಿಲ್ಲದ ಬರಿಯ ಫೋಮಿನ ಅಟ್ಟೆಯನ್ನು ನಮ್ಮ ದಾರಿಬದಿಯ ಬಳ್ಳಾರಿ ಜಾಲಿಯ ಮುಳ್ಳು ಸುಲಭವಾಗಿ ತೂರಿಬರುತ್ತದೆ. ಆಳವಾದ ಗೀರುಗಳುಳ್ಳ ಅಟ್ಟೆಗೆ ಮಳೆಗಾಲದ ಎರೆಮಣ್ಣು ಮೆತ್ತಿಕೊಂಡು ಕಾಲು ಭಾರವಾಗುತ್ತದೆ. ಬಿಸಿಲಿನ ಸೀಮೆಯಲ್ಲಿ ಮೇಲ್ಭಾಗ ಗಾಳಿಯಾಡುವ ಬಲೆಬಟ್ಟೆಯದ್ದಾಗಿರಲಿ. ಬೆವರಿನಿಂದ ನೆನೆದ ಕಾಲುಚೀಲವೇ ಬೊಕ್ಕೆಗೆ ಮೊದಲ ಕಾರಣ. ದೂರ ನಡೆಯುವವರು ಇನ್ನೊಂದು ಜೊತೆ ಒಯ್ಯುವುದು ಲೇಸು. ಪಾದಯಾತ್ರೆಗೆ ಹೊಸ ಬೂಟು ತೊಟ್ಟು ಹೊರಡದೆ, ಎರಡು ವಾರ ಮೊದಲೇ ಮನೆಯ ಸುತ್ತಮುತ್ತ ನಡೆದು ಪಳಗಿಸಬೇಕು.

ಸಕ್ಕರೆ ಕಾಯಿಲೆಯುಳ್ಳ ಹಿರಿಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಬೂಟು ಕಚ್ಚಿದ್ದೂ ತಿಳಿಯದು, ಒಳಗೆ ಸೇರಿದ ಹರಳೂ ತಿಳಿಯದು. ಸಣ್ಣ ಗಾಯ ಹುಣ್ಣಾಗಿ, ಕಾಲು ಕಳೆದುಕೊಳ್ಳುವವರೆಗೂ ಹೋಗಬಹುದು. ಅವರ ಬೂಟನ್ನು ತೊಡುವ ಮೊದಲು ಕೊಡವಿ, ಒಳಗೆ ಕೈಯಾಡಿಸಿ ನೋಡುವುದನ್ನೂ ರಾತ್ರಿ ಪಾದಗಳನ್ನು ಪರೀಕ್ಷಿಸುವುದನ್ನೂ ಮನೆಯ ಮಕ್ಕಳಿಗೆ ಒಪ್ಪಿಸಬಹುದು.

ಇನ್ನು ಕಾನೂನಿನ ಮಾತು. ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಇರಲೇಬೇಕು. ಅವು ಇಂಗ್ಲಿಷಿನಲ್ಲಿಯೋ ಹಿಂದಿಯಲ್ಲಿಯೋ ಇರುತ್ತವೆ. ಶಾಲೆಗೆ ಹೋಗುವ ಮಗುವಿನಿಂದ ಓದಿಸಿರಿ, ಪಾಠವೂ ಆದೀತು. ಬಿಲ್ಲು ಕೇಳಿ ಪಡೆಯಿರಿ. ‘ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕವನ್ನು ಕಂಡು ಹಿಂಜರಿಯಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ವಾರದಲ್ಲೇ ಅಟ್ಟೆ ಕಿತ್ತುಬಂದರೆ ಅದು ದೋಷ. ಬಣ್ಣ ಹಿಡಿಸದಿರುವುದು, ಅಳತೆ ನೋಡದೆ ಕೊಂಡದ್ದು ದೋಷವಲ್ಲ. ಅಲ್ಲಿ ಅಂಗಡಿಯವರ ನಿಯಮವೇ ನಡೆಯುತ್ತದೆ.

ಬಳ್ಳಾರಿಯಲ್ಲಿ ಕೊಂಡ ಬೂಟಿಗೆ ಬಳ್ಳಾರಿಗೇ ಅಲೆಯಬೇಕೆಂಬ ಭಯವೂ ಬೇಡ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಬಹುದು. ಸಾವಿರ ರೂಪಾಯಿಯ ಬೂಟಿಗೇಕೆ ಇಷ್ಟೆಲ್ಲ ಎನ್ನಬೇಡಿ. ದಿನಗೂಲಿಯ ಮನೆಗೆ ಅದು ಹಲವು ದಿನಗಳ ದುಡಿಮೆ.